ಡಯಾನಾ ರಿಗ್ ಎಲ್ಲಿಗೂ ಮರೆಯಾಗಿರಲಿಲ್ಲ

ಓದುಗರ ಪ್ರಶ್ನೆ: ಮಾಧ್ಯಮ ಅಧ್ಯಯನದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ 1960ರ ದಶಕದ ಬ್ರಿಟಿಷ್ ಟೆಲಿವಿಷನ್ ನಟಿ ಡಯಾನಾ ರಿಗ್ ಅವರನ್ನು ಆರಿಸಿಕೊಂಡಿದ್ದೇನೆ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಅವರ ಅಜ್ಜಿಯ ಪಾತ್ರ ನೋಡಿ ಬೆರಗಾಗಿದ್ದೆ. ಹಿಂದಕ್ಕೆ ಹುಡುಕುತ್ತಾ ಹೋದಾಗ ‘ದಿ ಅವೆಂಜರ್ಸ್’ ಎಂಬ ಗೂಢಚಾರ ಸರಣಿ ಸಿಕ್ಕಿತು, ಅದರ ಜೊತೆಗೆ ಗೊಂದಲವೂ ಸಿಕ್ಕಿತು. ನಾಯಕಿಯಾಗಿದ್ದರೂ ಕ್ಯಾಮೆರಾಮನ್‌ಗಿಂತ ಕಡಿಮೆ ಹಣ ಕೊಡುತ್ತಿದ್ದರು, ಆ ಸಿಟ್ಟಿಗೆ ಸರಣಿ ಬಿಟ್ಟರು ಎಂದು ಒಬ್ಬರು ಬರೆದಿದ್ದಾರೆ. ಸಿನಿಮಾದ ಆಸೆಗೆ ಬಿಟ್ಟು ಕೈಸುಟ್ಟುಕೊಂಡರು ಎಂದು ಇನ್ನೊಬ್ಬರು. 1969ರ ಬಾಂಡ್ ಚಿತ್ರದ ನಂತರ 2013ರವರೆಗೆ ಅವರು ಏನು ಮಾಡುತ್ತಿದ್ದರು ಎಂಬುದೇ ನನಗೆ ಸ್ಪಷ್ಟವಾಗುತ್ತಿಲ್ಲ. ‘ಸಮಾನ ವೇತನದ ಹೋರಾಟಗಾರ್ತಿ ಎಂದೇ ಬರೆಯಿರಿ’ ಎನ್ನುತ್ತಾರೆ ಮಾರ್ಗದರ್ಶಕರು. ಹಾಗೆ ಬರೆಯಬಹುದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂಭಾವನೆಯ ಜಗಳ ನಿಜವೇ? ಸರಣಿ ಬಿಟ್ಟದ್ದು ಏಕೆ? ನಡುವಿನ ನಲವತ್ತು ಚಿಲ್ಲರೆ ವರ್ಷ ಎಲ್ಲಿ ಹೋದವು? ಕೊನೆಯದನ್ನು ಮೊದಲು ಬಿಡಿಸೋಣ. ಅದು ಬಿಡಿಸಿಕೊಂಡರೆ ಉಳಿದೆರಡು ಅರ್ಧ ಸಡಿಲವಾಗುತ್ತವೆ.

ಅವರು ಎಲ್ಲಿಗೂ ಹೋಗಿರಲಿಲ್ಲ. 1970ರಲ್ಲಿ ಲಂಡನ್ನಿನಲ್ಲಿ, ಮರುವರ್ಷ ಬ್ರಾಡ್‌ವೇಯಲ್ಲಿ ‘ಅಬೆಲಾರ್ಡ್ ಅಂಡ್ ಹೆಲೊಯೀಸ್’ ನಾಟಕದ ನಾಯಕಿ. 1972ರಲ್ಲಿ ಲಾರೆನ್ಸ್ ಒಲಿವಿಯರ್ ಮುನ್ನಡೆಸುತ್ತಿದ್ದ ನ್ಯಾಷನಲ್ ಥಿಯೇಟರ್ ಸೇರಿದರು. ಅಲ್ಲಿ ಟಾಮ್ ಸ್ಟಾಪರ್ಡ್ ಅವರ ಹೊಸ ನಾಟಕ ‘ಜಂಪರ್ಸ್’, ಆ್ಯಂಟನಿ ಹಾಪ್‌ಕಿನ್ಸ್ ಎದುರು ಲೇಡಿ ಮ್ಯಾಕ್‌ಬೆತ್, ಮರುವರ್ಷ ಮೋಲಿಯೇರನ ‘ದಿ ಮಿಸಾಂತ್ರೋಪ್’. 1983ರಲ್ಲಿ ಒಲಿವಿಯರ್ ಲಿಯರ್ ರಾಜನಾದ ಗ್ರನಾಡಾ ಟೆಲಿವಿಷನ್ ನಿರ್ಮಾಣದಲ್ಲಿ ಅವನ ಮಗಳು ರೀಗನ್. 1985ರಲ್ಲಿ ಬಿಬಿಸಿಯ ‘ಬ್ಲೀಕ್ ಹೌಸ್’ನಲ್ಲಿ ಲೇಡಿ ಡೆಡ್‌ಲಾಕ್. 1989ರಲ್ಲಿ ಬಿಬಿಸಿಯ ‘ಮದರ್ ಲವ್’, ಅದಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ. 1992ರಲ್ಲಿ ಲಂಡನ್ನಿನ ಅಲ್ಮೇಡಾ ರಂಗಮಂದಿರದಲ್ಲಿ ‘ಮೆಡಿಯಾ’; ಅದೇ ನಾಟಕ ಬ್ರಾಡ್‌ವೇಗೆ ಹೋಗಿ 1994ರಲ್ಲಿ ಟೋನಿ ಪ್ರಶಸ್ತಿ ತಂದಿತು. ಆ ವರ್ಷವೇ ‘ಡೇಮ್’ ಗೌರವ. 1997ರಲ್ಲಿ ‘ರೆಬೆಕಾ’ದ ಮಿಸೆಸ್ ಡ್ಯಾನ್ವರ್ಸ್ ಪಾತ್ರಕ್ಕೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ. ಇಷ್ಟೆಲ್ಲದರ ಜೊತೆಗೆ 1989ರಿಂದ 2003ರವರೆಗೆ ಅಮೆರಿಕದ ಪಿಬಿಎಸ್ ವಾಹಿನಿಯ ‘ಮಿಸ್ಟರಿ!’ ಕಾರ್ಯಕ್ರಮದ ನಿರೂಪಕಿ. ಇದನ್ನು ಮರೆಯಾಗಿದ್ದ ಕಾಲ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ನಿಮಗೆ ಅದು ಖಾಲಿಯಾಗಿ ಕಂಡದ್ದೇಕೆ? ನಿಮ್ಮ ಹುಡುಕಾಟದ ತಪ್ಪಲ್ಲ. ನಾವು ಹಳೆಯ ನಟಿಯರನ್ನು ನೆನಪಿಡುವುದು ಅವರು ಮಾಡಿದ ಕೆಲಸದಿಂದಲ್ಲ, ಉಳಿದ ಕೆಲಸದಿಂದ. ಟೆಲಿವಿಷನ್ ಇತಿಹಾಸ ಕಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ‘ಇದನ್ನು ಯಾವುದರ ಮೇಲೆ ದಾಖಲಿಸಿದ್ದರು?’ ಎಂಬುದು. ‘ದಿ ಅವೆಂಜರ್ಸ್’ ಇದಕ್ಕೆ ಅತ್ಯುತ್ತಮ ಉದಾಹರಣೆ. (ಇದು ಮಾರ್ವೆಲ್ ಸೂಪರ್‌ಹೀರೋಗಳ ಅವೆಂಜರ್ಸ್ ಅಲ್ಲ. ಬ್ರಿಟನ್ನಿನಲ್ಲಿ ಈ ಸರಣಿಯ ಹೆಸರು ಎಷ್ಟು ಗಟ್ಟಿಯೆಂದರೆ 2012ರ ಮಾರ್ವೆಲ್ ಚಿತ್ರವನ್ನು ಅಲ್ಲಿ ‘ಅವೆಂಜರ್ಸ್ ಅಸೆಂಬಲ್’ ಎಂದು ಬದಲಾಯಿಸಿ ಬಿಡುಗಡೆ ಮಾಡಬೇಕಾಯಿತು. ಹುಡುಕುವಾಗ ಎಚ್ಚರವಿರಲಿ.) 1961ರ ಮೊದಲ ಸೀಸನ್‌ನಲ್ಲಿ ಪೂರ್ತಿಯಾಗಿ ಉಳಿದಿರುವುದು ಬೆರಳೆಣಿಕೆಯ ಕಂತುಗಳು. ಆ ಕಾಲದಲ್ಲಿ ವಿಡಿಯೊ ಟೇಪ್ ಬಲು ದುಬಾರಿ. ಪ್ರಸಾರವಾದ ಮೇಲೆ ಅಳಿಸಿ ಅದರ ಮೇಲೆಯೇ ಮತ್ತೊಂದನ್ನು ದಾಖಲಿಸುತ್ತಿದ್ದರು. ಮರುಪ್ರಸಾರಕ್ಕೆ ಕಲಾವಿದರ ಸಂಘದ ಒಪ್ಪಂದಗಳ ಮಿತಿಯೂ ಇದ್ದುದರಿಂದ ಇಟ್ಟುಕೊಂಡು ಲಾಭವಿಲ್ಲ ಎಂಬ ಲೆಕ್ಕಾಚಾರ. ಬಿಬಿಸಿಯಂಥ ಸಂಸ್ಥೆಯೂ 1970ರ ದಶಕದಲ್ಲಿ ಇದನ್ನೇ ಮಾಡುತ್ತಿತ್ತು.

ರಿಗ್ ಬಂದದ್ದು 1965ರಲ್ಲಿ, ಸರಣಿಯ ನಾಲ್ಕನೆಯ ಸೀಸನ್‌ಗೆ. ಅಷ್ಟರಲ್ಲಿ ನಿರ್ಮಾಪಕರ ಕಣ್ಣು ಅಮೆರಿಕದ ಮಾರುಕಟ್ಟೆಯ ಮೇಲಿತ್ತು. ಅಲ್ಲಿಗೆ ಮಾರಬೇಕಾದರೆ ವಿಡಿಯೊ ಟೇಪ್ ಸಾಲದು, 35 ಎಂಎಂ ಫಿಲ್ಮ್ ಬೇಕು. ಹೀಗಾಗಿ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಸಿನಿಮಾದಂತೆಯೇ ಚಿತ್ರೀಕರಣ ನಡೆಯಿತು. ರಿಗ್ ನಟಿಸಿದ 51 ಕಂತುಗಳೂ ಇವತ್ತಿಗೂ ಹೊಳೆಯುತ್ತಾ ಉಳಿದಿವೆ. 1966ರಲ್ಲಿ ಅಮೆರಿಕದ ಎಬಿಸಿ ಜಾಲ ಸರಣಿಯನ್ನು ಕೊಂಡ ಮೇಲೆ ಬಣ್ಣದಲ್ಲಿ ತೆಗೆಯತೊಡಗಿದರು. ಇಲ್ಲೊಂದು ಸಂಗತಿ ನನಗೆ ಬಹಳ ಇಷ್ಟ: 1967ರಲ್ಲಿ ಸರಣಿ ಪ್ರಸಾರವಾಗುತ್ತಿದ್ದ ಬ್ರಿಟನ್ನಿನ ಐಟಿವಿ ವಾಹಿನಿ ಜಾಲದಲ್ಲಿ ಬಣ್ಣದ ಪ್ರಸಾರವೇ ಇರಲಿಲ್ಲ, ಅದು ಬಂದದ್ದು 1969ರ ನವೆಂಬರ್‌ನಲ್ಲಿ. ರಿಗ್ ಅವರ ಪಾತ್ರ ಎಮ್ಮಾ ಪೀಲ್ ತೊಟ್ಟ ಬಣ್ಣಬಣ್ಣದ ಉಡುಪುಗಳನ್ನು ಸ್ವಂತ ದೇಶದ ಪ್ರೇಕ್ಷಕರು ಮೊದಲು ನೋಡಿದ್ದು ಕಪ್ಪು ಬಿಳುಪಿನಲ್ಲಿ. ಆ ಬಣ್ಣ ಬಳಿದದ್ದು ಅಟ್ಲಾಂಟಿಕ್ ಆಚೆಯವರಿಗಾಗಿ.

ಈಗ ಇದರ ಪಕ್ಕದಲ್ಲಿ 1972ರ ಲೇಡಿ ಮ್ಯಾಕ್‌ಬೆತ್‌ಳನ್ನು ಇಡಿ. ಅದು ಆ ರಾತ್ರಿಗಳಲ್ಲಿ ಓಲ್ಡ್ ವಿಕ್ ರಂಗಮಂದಿರದಲ್ಲಿ ಕುಳಿತಿದ್ದವರ ಪಾಲಿಗೆ ಮಾತ್ರ. ನಿಮಗೆ ಸಿಗುವುದು ಛಾಯಾಚಿತ್ರ, ವಿಮರ್ಶೆ, ಕರಪತ್ರ. ಎರಡು ವರ್ಷ ಚಿಲ್ಲರೆಯ ಟಿವಿ ಕೆಲಸ ಇಡೀ ಬದುಕಿನಷ್ಟು ದೊಡ್ಡದಾಗಿ, ಹತ್ತಾರು ವರ್ಷದ ರಂಗಭೂಮಿ ಖಾಲಿ ಜಾಗವಾಗಿ ಕಾಣುವುದಕ್ಕೆ ಕಾರಣ ಇದೇ.

ಇನ್ನು ಸಂಭಾವನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಮಾರ್ಗದರ್ಶಕರ ಸಲಹೆ ನಿಂತಿರುವುದು ಇದರ ಮೇಲೆಯೇ.

ಜಗಳ ನಡೆದದ್ದು ನಿಜ. ತನಗೆ ಕ್ಯಾಮೆರಾಮನ್‌ಗಿಂತ ಕಡಿಮೆ ಸಿಗುತ್ತಿದೆ ಎಂಬುದು ಕೆಲವು ಕಂತುಗಳ ನಂತರ ರಿಗ್ ಅವರಿಗೆ ತಿಳಿಯಿತು. ಎರಡನೆಯ ವರ್ಷಕ್ಕೆ ಒಪ್ಪುವ ಮೊದಲು ಪಟ್ಟು ಹಿಡಿದು ಹೆಚ್ಚಿಸಿಕೊಂಡರು. ಪತ್ರಿಕೆಗಳು ತನ್ನನ್ನು ಹಣದಾಸೆಯವಳಂತೆ ಚಿತ್ರಿಸಿದವು, ಉದ್ಯಮದ ಒಬ್ಬ ಹೆಂಗಸೂ ಬೆಂಬಲಕ್ಕೆ ಬರಲಿಲ್ಲ, ಸಹನಟ ಪ್ಯಾಟ್ರಿಕ್ ಮೆಕ್ನೀ ಕೂಡ ಜೊತೆಗೆ ನಿಲ್ಲಲಿಲ್ಲ ಎಂದು 2019ರಲ್ಲಿ ಅವರೇ ಹೇಳಿಕೊಂಡಿದ್ದಾರೆ. ಇಷ್ಟನ್ನು ಧೈರ್ಯವಾಗಿ ಬರೆಯಿರಿ.

ಜಾರುವುದು ಅಂಕಿಗಳಲ್ಲಿ. ವಾರಕ್ಕೆ 90 ಪೌಂಡ್ ಇದ್ದದ್ದು 180 ಆಯಿತು ಎಂದು ಒಂದು ಕಡೆ. 150 ಇದ್ದದ್ದು 450 ಆಯಿತು ಎಂದು ಇನ್ನೊಂದು ಕಡೆ. ಎರಡೂ ಲೇಖನದಿಂದ ಲೇಖನಕ್ಕೆ ನಕಲಾಗುತ್ತಾ ಬಂದಿವೆ. ದಶಕಗಳ ನಂತರದ ಸಂದರ್ಶನದ ನೆನಪಿಗೂ ಅಂದಿನ ಒಪ್ಪಂದದ ಕಾಗದಕ್ಕೂ ಒಂದೇ ತೂಕ ಕೊಡಬೇಡಿ. ಕಾಗದ ಸಿಗುವವರೆಗೆ ‘ಗಣನೀಯವಾಗಿ ಹೆಚ್ಚಿಸಿಕೊಂಡರು’ ಎಂದರೆ ಸಾಕು. ಅಂಕಿ ಕೊಡಲೇಬೇಕೆಂದರೆ ಎರಡನ್ನೂ ಕೊಟ್ಟು, ಯಾವುದು ಯಾರ ಹೇಳಿಕೆ ಎಂದು ತಿಳಿಸಿ. ಪರೀಕ್ಷಕರು ಮೊದಲು ಕೈಯಿಡುವುದು ಅಲ್ಲಿಯೇ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಕ್ಯಾಮೆರಾಮನ್‌ಗಿಂತ ಕಡಿಮೆ ಎಂಬುದು ಏನನ್ನು ಸಾಬೀತು ಮಾಡುತ್ತದೆ ಎಂಬುದು. ಅಂದಿನ ಬ್ರಿಟಿಷ್ ಸ್ಟುಡಿಯೊಗಳಲ್ಲಿ ತಂತ್ರಜ್ಞರ ಸಂಘ ಬಹಳ ಬಲವಾಗಿತ್ತು. ಅವರ ಹುದ್ದೆವಾರು ದರ ಒಪ್ಪಂದದಲ್ಲಿ ನಿಗದಿಯಾಗಿರುತ್ತಿತ್ತು. ಕಲಾವಿದರ ಸಂಘ ‘ಈಕ್ವಿಟಿ’ ನೋಡಿಕೊಳ್ಳುತ್ತಿದ್ದುದು ಕನಿಷ್ಠ ದರವನ್ನು; ಅದರ ಮೇಲಿನದು ನಟಿ ಮತ್ತು ಅವಳ ಏಜೆಂಟ್ ಕುಳಿತು ಚೌಕಾಶಿ ಮಾಡಿ ಪಡೆದಷ್ಟು. ಹಾಗಾಗಿ ಕ್ಯಾಮೆರಾಮನ್ ಜೊತೆಗಿನ ಹೋಲಿಕೆ ನಾಯಕಿಯ ಚೌಕಾಶಿಯ ಬಲ ಎಷ್ಟು ಕಡಿಮೆಯಿತ್ತು ಎಂಬುದನ್ನು ತೋರಿಸುತ್ತದೆ. ಹೆಣ್ಣು ಎಂಬ ಕಾರಣಕ್ಕೇ ಕಡಿಮೆ ಕೊಟ್ಟರು ಎಂದು ತೋರಿಸಲು ಅವರನ್ನು ಹೋಲಿಸಬೇಕಾದದ್ದು ಸಮಾನ ಪಾತ್ರದಲ್ಲಿದ್ದ ಮೆಕ್ನೀ ಜೊತೆಗೆ. ಮೆಕ್ನೀ 1961ರಿಂದಲೂ ಸರಣಿಯಲ್ಲಿದ್ದವರು. ಈ ಎರಡೂ ಹೋಲಿಕೆಗಳನ್ನು ಬೆರೆಸಿಬಿಡುವ ಪ್ರಬಂಧಗಳನ್ನು ನಾನು ಆಗಾಗ ತಿದ್ದುತ್ತಿರುತ್ತೇನೆ. ರಿಗ್ ಅದನ್ನು ಸಮಾನತೆಯ ಪ್ರಶ್ನೆಯಾಗಿಯೇ ಕಂಡರು. ಅವರು ಕಂಡದ್ದು ಸರಿ ಎಂದೇ ನನ್ನ ನಂಬಿಕೆ. ಆದರೆ ನಂಬಿಕೆಯನ್ನೂ ಪುರಾವೆಯನ್ನೂ ಪ್ರಬಂಧದಲ್ಲಿ ಬೇರೆ ಬೇರೆ ವಾಕ್ಯಗಳಲ್ಲಿ ಇಡಬೇಕು.

ಅವರ ಕೈ ಅಷ್ಟು ಕೆಳಗಿದ್ದದ್ದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಎಮ್ಮಾ ಪೀಲ್ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು ಎಲಿಜಬೆತ್ ಶೆಫರ್ಡ್. ಚಿತ್ರೀಕರಣ ಶುರುವಾದ ಮೇಲೆ ಅವರನ್ನು ಬಿಟ್ಟು ರಿಗ್ ಅವರನ್ನು ತಂದರು. ರಿಗ್ ಸರಣಿಯನ್ನು ನೋಡಿಯೇ ಇರಲಿಲ್ಲ, ಸುಮ್ಮನೆ ಒಂದು ಕೈ ನೋಡೋಣವೆಂದು ಪರೀಕ್ಷೆಗೆ ಹೋಗಿದ್ದರು. ಅವರ ಹೆಸರು ಇದ್ದದ್ದು ರಂಗಭೂಮಿಯಲ್ಲಿ: ರಾಯಲ್ ಶೇಕ್ಸ್‌ಪಿಯರ್ ಕಂಪನಿ, ಪೀಟರ್ ಬ್ರೂಕ್ ನಿರ್ದೇಶನದ ‘ಕಿಂಗ್ ಲಿಯರ್’ನಲ್ಲಿ ಪಾಲ್ ಸ್ಕೋಫೀಲ್ಡ್ ಎದುರು ಕಾರ್ಡೀಲಿಯಾ. ಟಿವಿ ಪ್ರೇಕ್ಷಕರಿಗೆ ಅಪರಿಚಿತೆ, ಅದರ ಮೇಲೆ ಬದಲಿ ನಟಿ. ಅಂಥವರ ಮೊದಲ ಒಪ್ಪಂದ ಉದಾರವಾಗಿರುವುದು ಅಪರೂಪ. ಎರಡನೆಯ ವರ್ಷಕ್ಕೆ ಸನ್ನಿವೇಶ ತಲೆಕೆಳಗಾಯಿತು. ಅಮೆರಿಕದ ಪ್ರೇಕ್ಷಕರು ನೋಡಿ ಮೆಚ್ಚಿದ್ದು ಎಮ್ಮಾ ಪೀಲ್‌ಳನ್ನು. ಈಗ ಕಳೆದುಕೊಳ್ಳುವ ಭಯ ನಿರ್ಮಾಪಕರದು. ಪಟ್ಟು ಹಿಡಿಯಲು ರಿಗ್ ಆರಿಸಿದ ಗಳಿಗೆ ಅದು.

ಕಾನೂನಿನ ಆಸರೆ? ಇರಲಿಲ್ಲ. ಫೋರ್ಡ್ ಕಂಪನಿಯ ಡ್ಯಾಗನಮ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಹೆಂಗಸರು ಮುಷ್ಕರ ಹೂಡಿದ್ದು 1968ರಲ್ಲಿ. ಸಮಾನ ವೇತನ ಕಾಯ್ದೆ ಅಂಗೀಕಾರವಾದದ್ದು 1970ರಲ್ಲಿ, ಜಾರಿಗೆ ಬಂದದ್ದು 1975ರ ಡಿಸೆಂಬರ್ 29ಕ್ಕೆ. ರಿಗ್ ಜಗಳವಾಡಿದಾಗ ಕೈಯಲ್ಲಿದ್ದ ಅಸ್ತ್ರ ಒಂದೇ, ‘ಬರುವುದಿಲ್ಲ’ ಎನ್ನುವುದು.

ಈ ಸರಣಿಗೂ ಕಲಾವಿದರ ಸಂಭಾವನೆಗೂ ಇನ್ನೂ ಹಳೆಯ ನಂಟಿದೆ. ಅದನ್ನು ಬಿಡಬೇಡಿ. 1961ರ ಕೊನೆಯಲ್ಲಿ ಈಕ್ವಿಟಿ ಐಟಿವಿ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು, ಅದು 1962ರವರೆಗೂ ಎಳೆಯಿತು. ‘ದಿ ಅವೆಂಜರ್ಸ್’ ಮೊದಲ ಸೀಸನ್ ಆ ಮುಷ್ಕರದಿಂದ ನಡುವೆಯೇ ನಿಂತಿತು. ನಾಯಕ ಇಯನ್ ಹೆಂಡ್ರಿ ಹೊರಟುಹೋದರು. ಆ ಜಾಗ ತುಂಬಲು ಬಂದ ಪಾತ್ರಗಳಲ್ಲಿ ಒಂದು ಕ್ಯಾಥಿ ಗೇಲ್, ನಟಿ ಆನರ್ ಬ್ಲ್ಯಾಕ್‌ಮನ್. ಗಂಡು ಪಾತ್ರಕ್ಕೆಂದು ಬರೆದಿಟ್ಟಿದ್ದ ಕೆಲವು ಕಥೆಗಳನ್ನು ಅಲ್ಪಸ್ವಲ್ಪ ತಿದ್ದಿ ಅವರಿಗೇ ಕೊಟ್ಟರು. ಕಾಫಿ ತಂದುಕೊಡುವ, ಕಿರುಚುವ ಹೆಣ್ಣಿನ ಬದಲು ಜೂಡೋ ಬಲ್ಲ, ವಾದ ಮಾಡುವ ಹೆಣ್ಣು ಬ್ರಿಟಿಷ್ ಟಿವಿಗೆ ಬಂದದ್ದು ಹೀಗೆ. ಆದ್ದರಿಂದ ರಿಗ್ ‘ಮೊದಲಿಗರು’ ಎಂದು ಬರೆದರೆ ಬ್ಲ್ಯಾಕ್‌ಮನ್ ಅವರಿಗೆ ಅನ್ಯಾಯವಾಗುತ್ತದೆ. ಬ್ಲ್ಯಾಕ್‌ಮನ್ ಅಭಿನಯಿಸಿದ ಕಾಲದ ಸರಣಿ ವಿಡಿಯೊ ಟೇಪಿನದು, ಅಮೆರಿಕ ಆಗ ಅದನ್ನು ನೋಡಲಿಲ್ಲ. ಲೋಕದ ನೆನಪಿನಲ್ಲಿ ಅವರು ಹಿಂದೆ ಸರಿದದ್ದಕ್ಕೆ ಅಷ್ಟೇ ಕಾರಣ. ಒಂದೇ ಸರಣಿಯಲ್ಲಿ ಒಂದು ಕಡೆ ಸಂಘ ಒಟ್ಟಾಗಿ ನಡೆಸಿದ ಮುಷ್ಕರ, ಕೆಲವೇ ವರ್ಷಗಳ ನಂತರ ಒಬ್ಬಂಟಿ ನಾಯಕಿಯ ಪಟ್ಟು. ನಾನು ನಿಮ್ಮ ಜಾಗದಲ್ಲಿದ್ದರೆ ಪ್ರಬಂಧದ ನಡುಗಂಬವನ್ನು ಇಲ್ಲಿಯೇ ನೆಡುತ್ತಿದ್ದೆ.

ಸರಣಿ ಬಿಟ್ಟದ್ದು ಸಂಭಾವನೆಯ ಸಿಟ್ಟಿಗೆ ಎಂಬುದು ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಜಗಳ ನಡೆದದ್ದು ಎರಡನೆಯ ವರ್ಷದ ಮೊದಲು. ಹೆಚ್ಚಿಸಿಕೊಂಡ ಮೇಲೆ ಅವರು ಪೂರ್ತಿ ಒಂದು ವರ್ಷ ಕೆಲಸ ಮಾಡಿದರು, ಅದರ ನಂತರ ಮುಂದುವರಿಯಲಿಲ್ಲ. ಆ ನಡುವೆಯೂ 1966ರಲ್ಲಿ ಸ್ಟ್ರಾಟ್‌ಫರ್ಡ್‌ಗೆ ಹೋಗಿ ‘ಟ್ವೆಲ್ತ್ ನೈಟ್’ನ ವಯೋಲಾ ಆಗಿ ಬಂದರು. ರಂಗಭೂಮಿಯ ಬಾಗಿಲನ್ನು ಅವರು ಯಾವತ್ತೂ ಮುಚ್ಚಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಖ್ಯಾತಿ ತಂದ ಖಾಸಗಿತನದ ನಷ್ಟ ಅವರಿಗೆ ಹಿಡಿಸಿರಲಿಲ್ಲ. ಜನ ಮೋಹಿಸಿದ ಚರ್ಮದ ಉಡುಪೂ ಹಿಡಿಸಿರಲಿಲ್ಲ.

1968ರಲ್ಲಿ ಅವರ ಮುಂದಿದ್ದ ದಾರಿಗಳನ್ನು ಅಂದಿನ ಕಣ್ಣಿನಿಂದ ನೋಡಿ. ಸರಣಿಯಲ್ಲೇ ಉಳಿದರೆ ಹಣ ಖಚಿತ. ಆದರೆ ಎಮ್ಮಾ ಪೀಲ್ ಆಗಿಯೇ ಮುದುಕಿಯಾಗುವ ಅಪಾಯ. ಸಿನಿಮಾ ಹಿಡಿದರೆ ದೊಡ್ಡ ಪರದೆ. 1969ರ ‘ಆನ್ ಹರ್ ಮೆಜೆಸ್ಟಿಸ್ ಸೀಕ್ರೆಟ್ ಸರ್ವಿಸ್’ನಲ್ಲಿ ಅವರು ಬಾಂಡ್‌ನನ್ನು ಮದುವೆಯಾಗುವ ಟ್ರೇಸಿ. ಅಭಿನಯ ಅದ್ಭುತವಾಗಿದ್ದರೂ ಪಾತ್ರ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದ ಟಿವಿಯನ್ನೂ ಅವರು ನೋಡಿದರು: 1973ರಲ್ಲಿ ಎನ್‌ಬಿಸಿಯ ‘ಡಯಾನಾ’ ಎಂಬ ಹಾಸ್ಯ ಸರಣಿ ಒಂದೇ ಸೀಸನ್‌ಗೆ ನಿಂತಿತು. ‘ಕೈಸುಟ್ಟುಕೊಂಡರು’ ಎಂಬ ಮಾತು ಹುಟ್ಟಿದ್ದು ಬಹುಶಃ ಇದರಿಂದ. ಅದನ್ನು ಇಡೀ ವೃತ್ತಿಗೆ ಅಂಟಿಸಬೇಕಿಲ್ಲ. ರಂಗಭೂಮಿಗೆ ಮರಳುವುದರಲ್ಲಿಯೂ ಕಷ್ಟ ಕಡಿಮೆಯಿರಲಿಲ್ಲ. ಕಡಿಮೆ ಹಣ, ಟಿವಿ ತಾರೆ ಎಂಬ ಅನುಮಾನ, ಕ್ರೂರ ವಿಮರ್ಶೆ. ‘ಅಬೆಲಾರ್ಡ್ ಅಂಡ್ ಹೆಲೊಯೀಸ್’ನಲ್ಲಿ ಒಂದು ನಗ್ನ ದೃಶ್ಯವಿತ್ತು. ಅಮೆರಿಕದ ವಿಮರ್ಶಕ ಜಾನ್ ಸೈಮನ್ ಅವರ ಅಭಿನಯ ಬಿಟ್ಟು ಮೈಕಟ್ಟನ್ನು ಗೇಲಿ ಮಾಡಿ ಬರೆದ. ರಿಗ್ ಮಾಡಿದ್ದೇನು? ಆ ಸಾಲನ್ನು ಮುಚ್ಚಿಡಲಿಲ್ಲ. ನಟ ನಟಿಯರು ತಿಂದ ಅತಿ ಕೆಟ್ಟ ವಿಮರ್ಶೆಗಳನ್ನೆಲ್ಲ ಕಲೆಹಾಕಿ 1982ರಲ್ಲಿ ಒಂದು ಪುಸ್ತಕವನ್ನೇ ತಂದರು, ತಮ್ಮದನ್ನೂ ಸೇರಿಸಿ. ನನಗೆ ಅವರ ಮೇಲಿನ ಗೌರವ ಇಮ್ಮಡಿಯಾದದ್ದು ಇದನ್ನು ತಿಳಿದಾಗ.

ಈಗ ನಿಮ್ಮ ಪ್ರಬಂಧ. ಸಂಭಾವನೆಯನ್ನೇ ಕೇಂದ್ರವಾಗಿಸಿದರೆ ವಾದ ಚೂಪಾಗಿರುತ್ತದೆ, ಇಂದಿಗೂ ತಗಲುತ್ತದೆ. 2017ರಲ್ಲಿ ಬಿಬಿಸಿ ತನ್ನ ದೊಡ್ಡ ಹೆಸರುಗಳ ಸಂಬಳ ಪ್ರಕಟಿಸಬೇಕಾಗಿ ಬಂದದ್ದು, 2018ರಲ್ಲಿ ‘ದಿ ಕ್ರೌನ್’ನ ರಾಣಿ ಕ್ಲೇರ್ ಫಾಯ್ ಅವರಿಗೆ ಗಂಡನ ಪಾತ್ರಧಾರಿ ಮ್ಯಾಟ್ ಸ್ಮಿತ್‌ಗಿಂತ ಕಡಿಮೆ ಕೊಟ್ಟಿದ್ದರೆಂದು ನಿರ್ಮಾಪಕರೇ ಒಪ್ಪಿದ್ದು, ಇವುಗಳವರೆಗೆ ಎಳೆ ಬರುತ್ತದೆ. ಅಪಾಯವೆಂದರೆ ಹೆಚ್ಚಿನ ಆಧಾರ ನಂತರದ ಸಂದರ್ಶನಗಳೇ ಆಗಿಬಿಡುವುದು. ‘ಹೋರಾಟಗಾರ್ತಿ’ ಎಂದ ಕೂಡಲೇ ಚಳವಳಿ ಇತ್ತು ಎಂಬ ಅರ್ಥ ಹೊರಡುತ್ತದೆ. ಅವರು ತಮಗಾಗಿ, ಒಬ್ಬರೇ, ನ್ಯಾಯವಾಗಿ ಜಗಳವಾಡಿದರು. ಬೆಂಬಲ ಬರಲಿಲ್ಲ ಎಂಬುದೇ ಅವರ ನೋವು. ಆ ಒಂಟಿತನವನ್ನು ಅಳಿಸಿ ಚಳವಳಿಯ ಬಾವುಟ ಕೊಟ್ಟರೆ ಅವರು ಹೇಳಿದ್ದನ್ನೇ ನಾವು ಕೇಳಿಸಿಕೊಳ್ಳದಂತೆ ಆಗುತ್ತದೆ. ಮಾರ್ಗದರ್ಶಕರಿಗೆ ಇದನ್ನು ಹೀಗೆಯೇ ಹೇಳಿ ನೋಡಿ.

ಎಮ್ಮಾ ಪೀಲ್ ಪಾತ್ರವನ್ನು ಕೇಂದ್ರವಾಗಿಸಬಹುದು. ವಿನ್ಯಾಸಕ ಜಾನ್ ಬೇಟ್ಸ್ ರೂಪಿಸಿದ ಉಡುಪು, ಹೊಡೆದಾಟ, ಮಾತಿನ ಚುರುಕು, ಸಾಮಗ್ರಿಗೆ ಬರವಿಲ್ಲ. ಅಪಾಯ: ಪಾತ್ರವೇ ನಟಿ ಎಂದುಕೊಂಡುಬಿಡುವುದು. ‘ಗಂಡಸರಿಗೆ ಆಕರ್ಷಕ’ ಎಂಬರ್ಥದ ಇಂಗ್ಲಿಷ್ ಮಾತನ್ನು ‘ಎಂ-ಅಪೀಲ್’ ಎಂದು ಮೊಟಕು ಮಾಡಿ ಆ ಹೆಸರು ಹುಟ್ಟಿಸಿದ್ದು ನಿರ್ಮಾಣ ಸಂಸ್ಥೆಯವರೇ. ಸ್ವತಂತ್ರ ಹೆಣ್ಣಿನ ಸಂಕೇತವಾದ ಪಾತ್ರದ ಹೆಸರಿನೊಳಗೇ ಗಂಡಸರ ನೋಟ ಕುಳಿತಿದೆ. ಈ ಇಬ್ಬಂದಿಯನ್ನು ಎದುರಿಸುವ ಧೈರ್ಯವಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಇಡೀ ವೃತ್ತಿಯನ್ನು ಹಿಡಿಯುವುದು ಮೂರನೆಯದು, ನನಗೆ ಒಪ್ಪಿಗೆಯಾದದ್ದು, ಆದರೆ ಹೆಚ್ಚು ಬೆವರು ಬೇಡುವಂಥದ್ದು. ಎಂ.ಎ. ಪ್ರಬಂಧಕ್ಕೆ ಹರವು ದೊಡ್ಡದಾಗಿ ಬರೀ ಪಟ್ಟಿಯಾಗಿಬಿಡುವ ಅಪಾಯವಿದೆ. ಮೂರು ಬಿಂದುಗಳನ್ನು ಆರಿಸಿಕೊಳ್ಳಿ: 1965ರಿಂದ 68ರ ‘ದಿ ಅವೆಂಜರ್ಸ್’, 1989ರ ‘ಮದರ್ ಲವ್’, 2013ರ ನಂತರದ ‘ಗೇಮ್ ಆಫ್ ಥ್ರೋನ್ಸ್’ನ ಅಜ್ಜಿ ಓಲೆನ್ನಾ ಟೈರೆಲ್. ಮೊದಲನೆಯದಕ್ಕೆ ಎರಡು, ಕೊನೆಯದಕ್ಕೆ ನಾಲ್ಕು ಬಾರಿ ಎಮ್ಮಿ ನಾಮನಿರ್ದೇಶನ ಬಂತು; ನಡುವಿನದಕ್ಕೆ ಬಾಫ್ಟಾ. ತರುಣಿ, ನಡುವಯಸ್ಸು, ಮುಪ್ಪು, ಈ ಮೂರು ವಯಸ್ಸಿನ ಹೆಣ್ಣಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಟಿವಿ ಯಾವ ಕೆಲಸ ಕೊಟ್ಟಿತು ಎಂಬ ಪ್ರಶ್ನೆಯೊಂದೇ ಇಡೀ ಪ್ರಬಂಧವನ್ನು ಹೊರಬಲ್ಲದು.

ಆಕರಗಳ ಬಗ್ಗೆ ಎರಡು ಮಾತು. ‘ದಿ ಅವೆಂಜರ್ಸ್’ ಬಿಬಿಸಿಯದಲ್ಲ. ಐಟಿವಿ ಜಾಲದ ಎಬಿಸಿ ಎಂಬ ಬ್ರಿಟಿಷ್ ಕಂಪನಿಯ ಸರಣಿ ಅದು, ಅಮೆರಿಕದ ಎಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಅದರ ಬಗ್ಗೆ ಬಿಬಿಸಿಯ ಲಿಖಿತ ದಾಖಲಾಗಾರಕ್ಕೆ ಪತ್ರ ಬರೆದು ಕಾಯಬೇಡಿ. ‘ಬ್ಲೀಕ್ ಹೌಸ್’, ‘ಮದರ್ ಲವ್’ ವಿಚಾರಕ್ಕಾದರೆ ಬರೆಯಬಹುದು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಗ್ರಂಥಾಲಯ, ನ್ಯಾಷನಲ್ ಥಿಯೇಟರ್ ದಾಖಲಾಗಾರ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ರಂಗಭೂಮಿ ಸಂಗ್ರಹ, ಈ ಮೂರಕ್ಕೂ ಇಮೇಲ್ ಮಾಡಿ. ಏನು ಬೇಕು ಎಂಬುದನ್ನು ನಾಟಕದ ಹೆಸರು, ವರ್ಷದ ಸಮೇತ ಬರೆದರೆ ಅಲ್ಲಿಯವರು ಉತ್ತರಿಸುತ್ತಾರೆ. ‘ಡಯಾನಾ ರಿಗ್ ಬಗ್ಗೆ ಮಾಹಿತಿ ಕೊಡಿ’ ಎಂದರೆ ಯಾರಿಗೂ ಕೊಡಲಾಗದು. ಅಂದಿನ ಪತ್ರಿಕೆಗಳ ಡಿಜಿಟಲ್ ಸಂಗ್ರಹಗಳಿಗೆ ನಿಮ್ಮ ವಿಶ್ವವಿದ್ಯಾಲಯ ಚಂದಾ ಕಟ್ಟಿದೆಯೇ ವಿಚಾರಿಸಿ. 1966 ಮತ್ತು 67ರ ಸುದ್ದಿಗಳಲ್ಲಿ ಅವರನ್ನು ‘ಹಣದಾಸೆಯವಳು’ ಎಂದು ನಿಜಕ್ಕೂ ಯಾರು, ಯಾವ ಮಾತಿನಲ್ಲಿ ಬರೆದರು ಎಂಬುದನ್ನು ನೀವು ಹುಡುಕಿ ತೆಗೆದರೆ, ಅದೊಂದೇ ನಿಮ್ಮ ಪ್ರಬಂಧದ ಹೊಸ ಕೊಡುಗೆಯಾಗುತ್ತದೆ.

ಕೊನೆಯದಾಗಿ, ಭಾರತದ ನಂಟನ್ನು ಸೇರಿಸಬೇಕೇ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. 1938ರಲ್ಲಿ ಯಾರ್ಕ್‌ಶರ್‌ನ ಡಾನ್‌ಕಾಸ್ಟರ್‌ನಲ್ಲಿ ಹುಟ್ಟಿದ ರಿಗ್, ರೈಲ್ವೆ ಎಂಜಿನಿಯರ್ ಆಗಿದ್ದ ತಂದೆಯ ಕೆಲಸದ ಕಾರಣ ಎಂಟು ವರ್ಷದವರೆಗೆ ಬೆಳೆದದ್ದು ಬಿಕಾನೇರ್‌ನಲ್ಲಿ. ಹಿಂದಿ ಅವರ ಎರಡನೆಯ ಭಾಷೆಯಾಗಿತ್ತು. ಅಲ್ಲಿಂದ ಇಂಗ್ಲೆಂಡಿನ ವಸತಿ ಶಾಲೆಗೆ ಕಳಿಸಿದರು. ಪರಿಚಯದ ಪುಟದಲ್ಲಿ ಎರಡು ಸಾಲು ಬರೆಯಿರಿ, ಅಷ್ಟೇ ಸಾಕು. ಅವರ ದಿಟ್ಟತನಕ್ಕೆ ರಾಜಸ್ಥಾನ ಕಾರಣ ಎಂದು ಹೇಳಲು ಯಾವ ಆಧಾರವೂ ಇಲ್ಲ.

ನೋಡುವುದನ್ನು ಮಾತ್ರ ‘ಮದರ್ ಲವ್’ನಿಂದ ಶುರು ಮಾಡಿ. ಎಮ್ಮಾ ಪೀಲ್‌ಳನ್ನು ಮೊದಲು ನೋಡಿದವರಿಗೆ ಉಳಿದದ್ದೆಲ್ಲ ಅವಳ ಮುಂದುವರಿಕೆಯಂತೆ ಕಾಣುತ್ತದೆ. ಮಗನನ್ನು ಉಸಿರುಗಟ್ಟುವಷ್ಟು ಪ್ರೀತಿಸುವ ಆ ತಾಯಿಯನ್ನು ಮೊದಲು ನೋಡಿದರೆ, ಎಮ್ಮಾ ಪೀಲ್ ಕೂಡ ಒಬ್ಬ ದೊಡ್ಡ ನಟಿ ಕಷ್ಟಪಟ್ಟು ಕಟ್ಟಿದ ಒಂದು ಪಾತ್ರ ಎಂದು ನಿಮಗೇ ಗೊತ್ತಾಗುತ್ತದೆ.